ಬೀಗದ ಕೈ ಪಡೆಯುವವರು

ನಮ್ಮ ಸಂಘದ ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಗಡಿನಾಡಿನ ಭಾಷೆಯನ್ನೂ ಶಾಲೆಯನ್ನೂ ಹೋರಾಟವನ್ನೂ ಕುರಿತು ನಮಗಿಂತ ಚೆನ್ನಾಗಿ ಬರೆಯಬಲ್ಲವರು ಹಲವರಿದ್ದಾರೆಂದು ತೋರಿತು. ಆದುದರಿಂದ ಭೂಪಟದ ತೀರ ತಳಭಾಗದಲ್ಲಿರುವ, ನಾವು ಎಂದೂ ಕಾಣದ, ಈ ವಯಸ್ಸಿನಲ್ಲಿ ಇನ್ನು ಕಾಣಲಾರದ ಒಂದು ದ್ವೀಪದ ವಿಷಯವನ್ನು ಆರಿಸಿಕೊಂಡೆವು. ಕಾಸರಗೋಡಿನ ಹಳ್ಳಿಯ ಮಾಷ್ಟ್ರಿಗೂ ದಕ್ಷಿಣ ಸಾಗರದ ದ್ವೀಪಕ್ಕೂ ಏನು ನಂಟು ಎಂದು ಓದುಗರು ಕೇಳಿಯಾರು. ನಂಟು ಬೆಳೆದುದು ಬೇಲಿಯ ಆಚೆ ಈಚೆ ನಿಂತು ಆಡಿದ ಮಾತಿನಿಂದ.

2016ರಲ್ಲಿ ನಾವು ದಂಪತಿಗಳು ಆರು ತಿಂಗಳ ಮಟ್ಟಿಗೆ ಆಸ್ಟ್ರೇಲಿಯದ ಟಾಸ್ಮೇನಿಯ ರಾಜ್ಯದ ಹೋಬಾರ್ಟ್ ನಗರದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ನಾವು ಹೊರಟಾಗ ಊರಿನಲ್ಲಿ ಮೇ ತಿಂಗಳ ಸೆಕೆ. ಅಲ್ಲಿ ಇಳಿದಾಗ ಚಳಿಗಾಲದ ಬಾಗಿಲು. ಊರಿನ ಹಿಂದೆ ಕುನಾನಿ ಎಂಬ ಬೆಟ್ಟ. ಬೆಳಗಾದರೆ ಅದರ ನೆತ್ತಿಯಲ್ಲಿ ಹಿಮ. ಮುಂದೆ ಡರ್ವೆಂಟ್ ನದಿಯ ಅಗಲವಾದ ಅಳಿವೆ. ಮಗಳೂ ಅಳಿಯಂದಿರೂ ಕೆಲಸಕ್ಕೆ ಹೋದ ಮೇಲೆ, ಮೊಮ್ಮಗ ಶಾಲೆಗೆ ಹೋದ ಮೇಲೆ, ನಮಗೆ ಮಾಡಲು ಏನೂ ಇರುತ್ತಿರಲಿಲ್ಲ. ಅಂಗಳದ ಬಿಸಿಲಿಗೆ ಕುರ್ಚಿ ಹಾಕಿ ಕುಳಿತುಕೊಳ್ಳುವುದು, ಬಿಸಿಲು ಸರಿದಂತೆ ಕುರ್ಚಿಯನ್ನೂ ಸರಿಸುವುದು ಇಷ್ಟೇ ನಮ್ಮ ದಿನಚರಿ.

ಪಕ್ಕದ ಮನೆಯಲ್ಲಿ ನಮಗಿಂತ ಎರಡು ವರ್ಷ ಹಿರಿಯರೊಬ್ಬರು ಒಂಟಿಯಾಗಿದ್ದರು. ಪತ್ನಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಪ್ರತಿದಿನ ಬೆಳಿಗ್ಗೆ ಒಂದೇ ಹೊತ್ತಿಗೆ ಹೊರಗೆ ಬಂದು, ತೋಟದ ಮೂಲೆಯ ಕಂಬಕ್ಕೆ ಕಟ್ಟಿದ ಉಷ್ಣಮಾಪಕವನ್ನು ನೋಡಿ, ತಲೆಯೆತ್ತಿ ಮೋಡಗಳನ್ನು ಗಮನಿಸಿ, ಕಿಸೆಯ ಪುಸ್ತಕದಲ್ಲಿ ಏನನ್ನೋ ಬರೆದುಕೊಂಡು ಒಳಗೆ ಹೋಗುತ್ತಿದ್ದರು. ಮೂವತ್ತಕ್ಕೂ ಹೆಚ್ಚು ವರ್ಷ ಭೂಗೋಳವನ್ನು ಬೋಧಿಸಿದ ನಮಗೆ ಕುತೂಹಲ ತಡೆಯಲಾಗಲಿಲ್ಲ. ಒಂದು ದಿನ ಕೇಳಿಯೇಬಿಟ್ಟೆವು. ಅವರು ನಿವೃತ್ತ ಹವಾಮಾನ ವೀಕ್ಷಕರು. ತರುಣರಾಗಿದ್ದಾಗ, 1974ರಲ್ಲಿ, ಮಕ್ವಾರಿ ದ್ವೀಪದ ಸಂಶೋಧನಾ ನಿಲ್ದಾಣದಲ್ಲಿ ಒಂದು ವರ್ಷ ಕಳೆದವರು. ಆ ಹೆಸರನ್ನು ಉಚ್ಚರಿಸುವಾಗ ಅವರ ಮುಖದಲ್ಲಿ ಮೂಡಿದ ಭಾವವನ್ನು ನಾವು ನಮ್ಮೂರಿನಲ್ಲಿ, ತವರಿನ ಹೆಸರು ಹೇಳುವ ಮುದುಕಿಯರ ಮುಖದಲ್ಲಿ ಕಂಡಿದ್ದೆವು.

ಮಕ್ವಾರಿ ದ್ವೀಪವು ಟಾಸ್ಮೇನಿಯದಿಂದ ಆಗ್ನೇಯಕ್ಕೆ ಸುಮಾರು 1,500 ಕಿ.ಮೀ. ದೂರದಲ್ಲಿ, ದಕ್ಷಿಣ ಅಕ್ಷಾಂಶ 54 ಡಿಗ್ರಿ 30 ಮಿನಿಟಿನ ಸನಿಹದಲ್ಲಿದೆ. ಉದ್ದ ಸುಮಾರು 34 ಕಿ.ಮೀ., ಅಗಲ ಐದು ಕಿ.ಮೀ.ಗಿಂತ ತುಸು ಹೆಚ್ಚು. ಅಂಟಾರ್ಕ್ಟಿಕ ಖಂಡದಂತೆ ಅದು ಸದಾ ಹಿಮ ಹೊದ್ದಿರುವ ನೆಲವಲ್ಲ; ಆದರೆ ಒಂದು ಮರವೂ ಬೆಳೆಯದಷ್ಟು ಗಾಳಿಗೆ ಒಡ್ಡಿಕೊಂಡ ನೆಲ. ಇಂತಹ ದ್ವೀಪಗಳ ವಲಯವನ್ನು ಉಪ-ಅಂಟಾರ್ಕ್ಟಿಕ ವಲಯ ಎನ್ನುತ್ತಾರೆ. ಫ್ರೆಂಚರ ಕೆರ್ಗೆಲೆನ್, ದಕ್ಷಿಣ ಆಫ್ರಿಕದ ಮರಿಯನ್, ಬ್ರಿಟಿಷರ ಸೌತ್ ಜಾರ್ಜಿಯ ಇವೆಲ್ಲ ಅದೇ ಸಾಲಿನವು. ಆ ಅಕ್ಷಾಂಶಗಳಲ್ಲಿ ಪಶ್ಚಿಮದಿಂದ ಬೀಸುವ ಗಾಳಿಯನ್ನು ತಡೆಯುವ ಭೂಮಿ ಬಹುಮಟ್ಟಿಗೆ ಇಲ್ಲವೆಂದೇ ಹೇಳಬೇಕು. ಗಾಳಿ ಭೂಗೋಳವನ್ನೇ ಸುತ್ತುತ್ತ ಬರುತ್ತದೆ. ತರಗತಿಯಲ್ಲಿ ಇದನ್ನು ಎಷ್ಟೋ ಬಾರಿ ಕರಿಹಲಗೆಯ ಮೇಲೆ ಬಾಣದ ಗುರುತು ಹಾಕಿ ತೋರಿಸಿದ್ದೆವು. ಆ ಬಾಣಕ್ಕೆ ಎದೆಯೊಡ್ಡಿ ನಿಂತವರನ್ನು ಕಂಡದ್ದು ಅದೇ ಮೊದಲು.

ಅಲ್ಲಿ ಚಳಿಗಾಲಕ್ಕೂ ಬೇಸಗೆಗೂ ಉಷ್ಣತೆಯಲ್ಲಿ ಹೆಚ್ಚು ಅಂತರವಿಲ್ಲ. ವರ್ಷದ ಸರಾಸರಿ ಐದು ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು. ಮಳೆ ನಮ್ಮ ಕಾಸರಗೋಡಿನದರ ಮೂರನೆಯ ಒಂದು ಪಾಲಷ್ಟೂ ಇಲ್ಲ. ಆದರೆ ನಮ್ಮ ಮಳೆ ನಾಲ್ಕು ತಿಂಗಳಲ್ಲಿ ಸುರಿದು ಮುಗಿದರೆ ಅಲ್ಲಿ ವರ್ಷದ 300ಕ್ಕೂ ಹೆಚ್ಚು ದಿನ ಮಳೆಯೋ ಹಿಮವೋ ಆಲಿಕಲ್ಲೋ ತುಂತುರೋ ಇದ್ದೇ ಇರುತ್ತದೆ. ಬಟ್ಟೆ ಒಣಗಿಸುವುದು ಹೇಗೆಂದು ನಮ್ಮ ಶ್ರೀಮತಿಯವರು ಮಗಳ ಮೂಲಕ ಕೇಳಿಸಿದರು. ಆಟಿ ತಿಂಗಳಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಬಟ್ಟೆ ಹರಡಿ ಬಾಳಿದವರಿಗೆ ಹುಟ್ಟುವ ಸಹಜವಾದ ಪ್ರಶ್ನೆ. ವಿದ್ಯುತ್ ಉತ್ಪಾದಿಸುವ ಯಂತ್ರಗಳ ಕೋಣೆಯ ಬಿಸಿಯಲ್ಲಿ ಎಂದು ಅವರು ನಕ್ಕರು.

ದ್ವೀಪದ ಚರಿತ್ರೆಯನ್ನು ಅವರು ಹೇಳಿದರು. ಉಳಿದುದನ್ನು ಹೋಬಾರ್ಟಿನ ಗ್ರಂಥಾಲಯದಲ್ಲಿ ಓದಿ ತಿಳಿದೆವು. 1810ರಲ್ಲಿ ಫ್ರೆಡರಿಕ್ ಹ್ಯಾಸೆಲ್‌ಬರೋ ಎಂಬ ಸೀಲ್ ಬೇಟೆಗಾರ ನಾವಿಕನು ಅದನ್ನು ಕಂಡು, ಆಗ ನ್ಯೂ ಸೌತ್ ವೇಲ್ಸಿನ ಗವರ್ನರರಾಗಿದ್ದ ಲಾಕ್ಲನ್ ಮಕ್ವಾರಿಯವರ ಹೆಸರಿಟ್ಟನು. ಅನಂತರದ್ದು ಲೋಭದ ಕಥೆ. ತುಪ್ಪುಳಿಗಾಗಿ ಸೀಲ್‌ಗಳನ್ನು ಕೊಂದು ಮುಗಿಸಿದರು. ಎಣ್ಣೆಗಾಗಿ ಆನೆಸೀಲ್‌ಗಳನ್ನು, ಆಮೇಲೆ ಪೆಂಗ್ವಿನ್‌ಗಳನ್ನೂ ಹಂಡೆಗಳಲ್ಲಿ ಬೇಯಿಸಿದರು. ತುಕ್ಕು ಹಿಡಿದ ಆ ಹಂಡೆಗಳು ಇಂದಿಗೂ ಕಡಲ ತಡಿಯಲ್ಲಿ ನಿಂತಿವೆ. ಅವುಗಳ ಸುತ್ತ ಪೆಂಗ್ವಿನ್‌ಗಳು ನಿರ್ಭಯವಾಗಿ ಓಡಾಡುತ್ತವೆ. 1911ರ ಡಿಸೆಂಬರಿನಲ್ಲಿ ಡಗ್ಲಸ್ ಮಾಸನ್‌ರ ಅಂಟಾರ್ಕ್ಟಿಕ ತಂಡವು ದಕ್ಷಿಣಕ್ಕೆ ಹೋಗುವ ಹಾದಿಯಲ್ಲಿ ಐದು ಮಂದಿಯನ್ನು ಅಲ್ಲಿ ಇಳಿಸಿತು. ಗುಡ್ಡವೊಂದರ ಮೇಲೆ ತಂತಿರಹಿತ ಸಂದೇಶದ ಕಂಬಗಳನ್ನು ನಿಲ್ಲಿಸಿ, ಹಿಮಖಂಡಕ್ಕೂ ನಾಗರಿಕ ಪ್ರಪಂಚಕ್ಕೂ ನಡುವೆ ಮಾತು ದಾಟಿಸುವುದು ಅವರ ಕೆಲಸಗಳಲ್ಲೊಂದು. 1948ರ ಮಾರ್ಚಿನಲ್ಲಿ ಈಗಿನ ಖಾಯಂ ನಿಲ್ದಾಣ ಸ್ಥಾಪನೆಯಾಯಿತು. ಅಂದಿನಿಂದ ಅಲ್ಲಿ ಮನುಷ್ಯರು ಇಲ್ಲದ ಚಳಿಗಾಲವಿಲ್ಲ.

ನಿಲ್ದಾಣವಿರುವುದು ದ್ವೀಪದ ಉತ್ತರ ತುದಿಯ ಒಂದು ಕಿರಿದಾದ ಭೂಸಂಧಿಯ ಮೇಲೆ. ಎರಡು ಪಕ್ಕದಲ್ಲೂ ಕಡಲು. ನಮ್ಮ ನೆರೆಯವರ ಕಾಲದಲ್ಲಿ ಅಲ್ಲಿ ಇಪ್ಪತ್ತರ ಆಸುಪಾಸಿನ ಗಂಡಸರು. ಒಬ್ಬ ವೈದ್ಯ, ಒಬ್ಬ ಅಡುಗೆಯವನು, ಬಡಗಿ, ಡೀಸೆಲ್ ಯಂತ್ರದವನು, ರೇಡಿಯೋದವರು, ಹವಾಮಾನದವರು, ಪ್ರಾಣಿಗಳನ್ನೂ ಕಲ್ಲುಗಳನ್ನೂ ಅಭ್ಯಸಿಸುವ ವಿಜ್ಞಾನಿಗಳು. ವಿಜ್ಞಾನಿಯಾದರೂ ಸರಿ, ಮುಖ್ಯಸ್ಥನಾದರೂ ಸರಿ, ಸರದಿ ಬಂದ ದಿನ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯಬೇಕು, ನೆಲ ಒರೆಸಬೇಕು, ಬಟಾಟೆ ಸುಲಿಯಬೇಕು. ಇದರಿಂದ ಯಾರಿಗೂ ವಿನಾಯಿತಿಯಿಲ್ಲ. ಚಳಿಗಾಲದಲ್ಲಿ ಒಂದು ಮಾತು ಮನಸ್ಸಿಗೆ ಚುಚ್ಚಿದರೆ ಎದ್ದು ಹೋಗಲು ಬೇರೆ ಊರಿಲ್ಲ. ಆದುದರಿಂದ ಸಹವಾಸದ ಮುಕ್ಕಾಲು ಪಾಲು ಪಾತ್ರೆ ತೊಳೆಯುವಲ್ಲಿಯೇ ನಿರ್ಧಾರವಾಗುತ್ತಿತ್ತೆಂದು ಅವರು ಹೇಳಿದರು. ನಾವು ಮುಖ್ಯೋಪಾಧ್ಯಾಯರಾಗಿದ್ದಾಗ ಇದು ತಿಳಿದಿದ್ದರೆ ಅಧ್ಯಾಪಕರ ಕೊಠಡಿಯ ಎಷ್ಟೋ ವ್ಯಾಜ್ಯಗಳು ಬಗೆಹರಿಯುತ್ತಿದ್ದವು.

ಅವರ ಸ್ವಂತ ಕೆಲಸ ಬಲೂನಿನದು. ದಿನಕ್ಕೆ ಎರಡು ಬಾರಿ ಜಲಜನಕ ತುಂಬಿದ ದೊಡ್ಡ ಬಲೂನಿಗೆ ಒಂದು ಸಣ್ಣ ಪೆಟ್ಟಿಗೆಯನ್ನು ಕಟ್ಟಿ ಹಾರಿಬಿಡಬೇಕು. ಅದು ಮೇಲೇರುತ್ತ ಗಾಳಿಯ ಉಷ್ಣತೆ, ಒತ್ತಡ, ತೇವಾಂಶಗಳನ್ನು ರೇಡಿಯೋದ ಮೂಲಕ ಕೆಳಗೆ ತಿಳಿಸುತ್ತದೆ; ಇಪ್ಪತ್ತೈದು ಮೂವತ್ತು ಕಿ.ಮೀ. ಎತ್ತರದಲ್ಲಿ ಬಲೂನು ಒಡೆಯುತ್ತದೆ. ಬಿರುಗಾಳಿಯ ದಿನ ಬಲೂನನ್ನು ಹಿಡಿದುಕೊಂಡು ಓಡಿ, ಗಾಳಿಯ ಒಂದು ಉಸಿರಿನ ಬಿಡುವನ್ನು ನೋಡಿ ಕೈಬಿಡಬೇಕು. ಒಮ್ಮೊಮ್ಮೆ ಬಲೂನು ಮೇಲೇರುವ ಬದಲು ಅಡ್ಡಲಾಗಿ ಹಾರಿ, ದಾರಿಯಲ್ಲಿ ಮಲಗಿದ್ದ ಆನೆಸೀಲಿನ ಬೆನ್ನಿಗೆ ತಾಗಿ ಒಡೆದದ್ದೂ ಉಂಟಂತೆ. ಆಗ ಮತ್ತೊಂದು ಬಲೂನು ತುಂಬಬೇಕು. ಇಷ್ಟು ಕಷ್ಟ ಯಾಕೆಂದು ನಾವು ಕೇಳಿದೆವು. ಸುತ್ತ ಸಾವಿರ ಮೈಲಿ ನೀರು. ಆ ಇಡೀ ಸಾಗರದಲ್ಲಿ ನಿಂತು ನೋಡಲು ಇರುವ ನೆಲ ಬೆರಳೆಣಿಕೆಯಷ್ಟು. ಅಲ್ಲಿಂದ ಒಂದು ದಿನದ ಲೆಕ್ಕ ತಪ್ಪಿದರೆ ಆ ದಿನವನ್ನು ಮತ್ತೆ ಯಾರೂ ಅಳೆಯಲಾರರು. ಅವರು ಶಾಂತವಾಗಿ ಹೇಳಿದ ಈ ಮಾತು ನಮ್ಮ ಮನಸ್ಸಿನಲ್ಲಿ ಹಾಗೆಯೇ ಉಳಿಯಿತು.

ಜೂನ್ 21 ಅಲ್ಲಿಯ ದೊಡ್ಡ ಹಬ್ಬ. ನಮಗೆ ಹಗಲು ಅತಿ ದೀರ್ಘವಾದ ದಿನ ಅವರಿಗೆ ಅತಿ ಹ್ರಸ್ವ. ಏಳು ಗಂಟೆಯಷ್ಟು ಮಾತ್ರ ಬೆಳಕು. ಅಂದು ದಕ್ಷಿಣದ ಎಲ್ಲ ನಿಲ್ದಾಣಗಳೂ ಪರಸ್ಪರ ಶುಭಾಶಯ ಕಳುಹುತ್ತವೆ. ಮೇಜಿಗೆ ಬಿಳಿಯ ಬಟ್ಟೆ ಹಾಸಿ ಔತಣ ಮಾಡುತ್ತಾರೆ. ಕೆಲವರು ಮಂಜಿನಷ್ಟು ತಣ್ಣಗಿನ ಕಡಲಿಗೆ ಧುಮುಕುತ್ತಾರೆ. ಆಸ್ಟ್ರೇಲಿಯದ ನಿಲ್ದಾಣಗಳಲ್ಲಿ ಸಿಂಡರೆಲ್ಲಾ ನಾಟಕವನ್ನು ಆಡುವ ವಾಡಿಕೆಯೂ ಇದೆ. ಹೆಂಗಸರಿಲ್ಲದ ಕಾಲದಲ್ಲಿ ಗಡ್ಡದ ಬಡಗಿಯೇ ರಾಜಕುಮಾರಿಯಾಗಬೇಕು. ಇದನ್ನು ಕೇಳಿ ನಾವು ಅವರಿಗೆ ಯಕ್ಷಗಾನದ ಸ್ತ್ರೀವೇಷದ ವಿಷಯವನ್ನು ಹೇಳಿದೆವು. ರಾತ್ರಿಯಿಡೀ ದ್ರೌಪದಿಯಾಗಿ ಕಣ್ಣೀರು ಹರಿಸಿ, ಬೆಳಿಗ್ಗೆ ಎದ್ದು ಅಡಿಕೆ ಮರ ಹತ್ತುವ ಕಲಾವಿದರು ನಮ್ಮಲ್ಲಿದ್ದರೆಂದಾಗ ಅವರು ಬಹಳ ಹೊತ್ತು ನಕ್ಕರು. ಆ ನಿಲ್ದಾಣದಲ್ಲಿ ಚಳಿಗಾಲವನ್ನು ಕಳೆದ ಮೊದಲ ಆಸ್ಟ್ರೇಲಿಯನ್ ಮಹಿಳೆ ವೈದ್ಯೆ ಜೋಯಿ ಗಾರ್ಡ್ನರ್. ಅದು 1976ರಲ್ಲಿ, ಇವರು ಮರಳಿ ಬಂದ ಮೇಲೆ.

ಮನೆಯವರೊಡನೆ ಮಾತಿಗೆ ಆಗ ದೂರವಾಣಿಯಿಲ್ಲ. ರೇಡಿಯೋ ತಂತಿ ಸಂದೇಶ ಮಾತ್ರ. ಪದಗಳಿಗೆ ಲೆಕ್ಕವಿತ್ತು. ಅದಕ್ಕಾಗಿ ಒಂದು ಸಂಕೇತ ಪುಸ್ತಕ ಮಾಡಿದ್ದರು: ಐದು ಅಕ್ಷರಗಳ ಒಂದು ಪದಕ್ಕೆ ಒಂದು ಪೂರ್ಣ ವಾಕ್ಯದ ಅರ್ಥ. ಗಡ್ಡ ಬೆಳೆಸಿದ್ದೇನೆ ಎಂಬುದಕ್ಕೂ ಅದರಲ್ಲಿ ಪದವಿತ್ತು. ಎಲ್ಲಕ್ಕಿಂತ ಹೆಚ್ಚು ಬಳಕೆಯಾದದ್ದು ‘ವಿಸ್ಸಾ’ ಎಂಬ ಪದ; ನನ್ನೆಲ್ಲ ಪ್ರೀತಿ ನಿನಗೆ, ಪ್ರಿಯೆ ಎಂದು ಅದರ ಅರ್ಥ. ಆ ನಿಲ್ದಾಣಗಳಲ್ಲಿ ಇದ್ದವರು ತಂತಿ ಸಂದೇಶಕ್ಕೇ ವಿಸ್ಸಾ ಎಂದು ಹೆಸರಿಟ್ಟರು. ನೆರೆಯವರು ಒಂದು ಬಿಸ್ಕತ್ತಿನ ಡಬ್ಬಿಯನ್ನು ತಂದು ತೋರಿಸಿದರು. ಆ ವರ್ಷದ ಸಂದೇಶಗಳನ್ನೆಲ್ಲ ಅವರ ಪತ್ನಿ ಕಾಪಾಡಿಟ್ಟಿದ್ದರು. ಛಾವಣಿ ಸೋರುತ್ತದೆ, ರಿಪೇರಿ ಮಾಡಿಸಿದೆ. ತಾಯಿಗೆ ಜ್ವರ ಬಿಟ್ಟಿತು. ಇಂತಹ ನಾಲ್ಕಾರು ಪದಗಳು, ಕೊನೆಯಲ್ಲಿ ಆ ಐದು ಅಕ್ಷರ. ಒಂದು ಹಾಳೆಯಲ್ಲಿ ಮಾತ್ರ ಆ ಪದ ಇರಲಿಲ್ಲ. ಅಂದು ನಮ್ಮಿಬ್ಬರಿಗೆ ಜಗಳವಾಗಿತ್ತು, ಸಾವಿರದ ಐನೂರು ಕಿ.ಮೀ. ದೂರದಿಂದ, ಒಂದೊಂದೇ ಪದದಲ್ಲಿ ಎಂದರು. ಹಾಗೆನ್ನುವಾಗ ನಗುತ್ತಿದ್ದರು; ಡಬ್ಬಿಯ ಮುಚ್ಚಳವನ್ನು ಹಾಕಲು ಮಾತ್ರ ಸ್ವಲ್ಪ ಹೊತ್ತು ಹಿಡಿಯಿತು.

ವರ್ಷ ಮುಗಿದು ಹಡಗು ಬರುವ ಹೊತ್ತು. ದ್ವೀಪಕ್ಕೆ ಬಂದರಿಲ್ಲ, ಧಕ್ಕೆಯಿಲ್ಲ. ಹಡಗು ದೂರದಲ್ಲಿ ಲಂಗರು ಹಾಕುತ್ತದೆ. ನೀರಿನಲ್ಲೂ ನೆಲದಲ್ಲೂ ಚಲಿಸುವ ವಾಹನಗಳು ಸಾಮಾನು, ಕಾಗದಪತ್ರ, ಹೊಸ ಮುಖಗಳನ್ನು ದಡಕ್ಕೆ ತರುತ್ತವೆ. ಇಂಧನ ಕೊಳವೆಯಲ್ಲಿ ಬರುತ್ತದೆ. ವರ್ಷದುದ್ದಕ್ಕೂ ಎದುರು ನೋಡಿದ ಹಡಗು ಕಂಡಾಗ ಸಂತೋಷವಾಗಲಿಲ್ಲ, ಮನೆಗೆ ಅಪರಿಚಿತರು ನುಗ್ಗಿದಂತಾಯಿತು ಎಂದರು ನೆರೆಯವರು. ಹೊಸಬರು ಜೋರಾಗಿ ಮಾತಾಡುತ್ತಾರೆ, ಬಾಗಿಲನ್ನು ಸರಿಯಾಗಿ ಹಾಕುವುದಿಲ್ಲ, ಇವರ ಕುರ್ಚಿಯಲ್ಲಿ ಕುಳಿತುಕೊಳ್ಳುತ್ತಾರೆ. ಆದರೂ ಕೆಲವೇ ದಿನಗಳಲ್ಲಿ ಎಲ್ಲವನ್ನೂ ಅವರಿಗೆ ಕಲಿಸಿಕೊಡಬೇಕು. ಯಾವ ಕವಾಟ ಬಿಗಿ, ಯಾವ ಗಾಳಿಗೆ ಬಲೂನನ್ನು ಎಲ್ಲಿಂದ ಬಿಡಬೇಕು, ಯಾವ ಆನೆಸೀಲಿನ ಹತ್ತಿರ ಸುಳಿಯಬಾರದು. ಕೊನೆಯ ದಿನ ಎಲ್ಲರೂ ಸೇರುತ್ತಾರೆ. ಹಳೆಯ ಮುಖ್ಯಸ್ಥ ಹೊಸ ಮುಖ್ಯಸ್ಥನಿಗೆ ನಿಲ್ದಾಣದ ಬೀಗದ ಕೈಯನ್ನು ಕೊಡುತ್ತಾನೆ. ಕಳ್ಳರಿಲ್ಲದ ದ್ವೀಪದಲ್ಲಿ ಬೀಗಕ್ಕೆ ಏನು ಕೆಲಸ? ಅದು ಬರಿಯ ಸಾಂಕೇತಿಕ. ಆದರೆ ಕೈ ಬದಲಾದ ಆ ಗಳಿಗೆಯಿಂದ ನಾವು ನಮ್ಮ ಮನೆಯಲ್ಲೇ ಅತಿಥಿಗಳಾದೆವು ಎಂದರು. ಹಡಗು ಹೊರಡುವಾಗ ದಡದವರು ಬೆಳಕಿನ ಬಾಣಗಳನ್ನು ಹಾರಿಸಿ ಬೀಳ್ಕೊಡುತ್ತಾರೆ. ಕೆಂಪು ಬೆಳಕು ಮಂಜಿನಲ್ಲಿ ಕರಗುವವರೆಗೂ ಯಾರೂ ಒಳಗೆ ಹೋಗಲಿಲ್ಲವಂತೆ.

ಅವರನ್ನು ಕರೆತಂದ ಹಡಗು ‘ನೆಲ್ಲಾ ಡಾನ್’. ಡೆನ್ಮಾರ್ಕಿನವರ ಕೆಂಪು ಹಡಗು. ಅಂಟಾರ್ಕ್ಟಿಕ ಕಾರ್ಯದ ನಿರ್ದೇಶಕರಾಗಿದ್ದ ಫಿಲಿಪ್ ಲಾ ಅವರ ಪತ್ನಿ ನೆಲ್ ಅವರ ಹೆಸರಿನಿಂದ ಆ ಹೆಸರು. ಕಾಲು ಶತಮಾನ ಅದು ದಕ್ಷಿಣಕ್ಕೆ ಜನರನ್ನೂ ಜೀವನಾಧಾರವನ್ನೂ ಒಯ್ದಿತು. 1987ರ ಡಿಸೆಂಬರ್ 3ರಂದು ಇದೇ ಮಕ್ವಾರಿ ದ್ವೀಪದ ಬಳಿ ಇಂಧನ ಇಳಿಸುತ್ತಿದ್ದಾಗ ಗಾಳಿ ಎದ್ದು, ಲಂಗರು ಜಾರಿ, ಹಡಗು ಬಂಡೆಗೆ ಬಡಿಯಿತು. ಜನರೆಲ್ಲ ಉಳಿದರು, ಹಡಗು ಉಳಿಯಲಿಲ್ಲ. ಅದೇ ತಿಂಗಳ 24ರಂದು ಅದನ್ನು ಆಳವಾದ ನೀರಿಗೆ ಎಳೆದು ಮುಳುಗಿಸಿದರು. ಸುದ್ದಿ ತಿಳಿದ ದಿನ ಗಂಡಹೆಂಡಿರಿಬ್ಬರೂ ಊಟ ಮಾಡಲಿಲ್ಲವೆಂದು ನೆರೆಯವರು ಹೇಳಿದಾಗ ನಮ್ಮ ಶ್ರೀಮತಿಯವರು ತಲೆದೂಗಿದರು. ನಮ್ಮಲ್ಲಿಯೂ ಹಾಲು ಕೊಟ್ಟ ಹಸು ಸತ್ತ ದಿನ ಒಲೆ ಉರಿಯುವುದಿಲ್ಲ.

ಆ ದ್ವೀಪಕ್ಕೆ ಬಂದು ಹೋದವರು ಬಿಟ್ಟುಹೋದದ್ದೆಲ್ಲ ಒಳ್ಳೆಯದಲ್ಲ. ಬೇಟೆಗಾರರು ಆಹಾರಕ್ಕೆಂದು ತಂದುಬಿಟ್ಟ ಮೊಲಗಳು ಹುಲ್ಲನ್ನು ಬೇರು ಸಹಿತ ಮೇಯ್ದವು. ಹಡಗುಗಳಿಂದ ಇಳಿದ ಇಲಿ ಬೆಕ್ಕುಗಳು ಹಕ್ಕಿಗಳನ್ನು ತಿಂದವು. ಬೆಕ್ಕುಗಳನ್ನು ನಿವಾರಿಸಿದ ಮೇಲೆ ಮೊಲಗಳು ಮಿತಿಮೀರಿದವು; ಹಸಿರು ಹೋದ ಇಳಿಜಾರುಗಳು ಕುಸಿದು ಪೆಂಗ್ವಿನ್‌ಗಳ ಮೇಲೆ ಬಿದ್ದವು. ಒಂದು ತಪ್ಪನ್ನು ತಿದ್ದಲು ಹೊರಟರೆ ಮತ್ತೊಂದು ಎದ್ದು ನಿಲ್ಲುವುದು ಶಾಲೆ ನಡೆಸಿದವರಿಗೆಲ್ಲ ತಿಳಿದ ವಿಷಯ. ಆದರೆ ಅವರು ಬಿಡಲಿಲ್ಲ. ಹೆಲಿಕಾಪ್ಟರಿನಿಂದ ವಿಷದ ಕಾಳು ಚೆಲ್ಲಿ, ಅನಂತರ ಪಳಗಿದ ನಾಯಿಗಳೊಡನೆ ಗುಡ್ಡ ಗುಡ್ಡ ಅಲೆದು, 2014ರಲ್ಲಿ ದ್ವೀಪವು ಮೊಲ, ಇಲಿ, ಸುಂಡಿಲಿಗಳಿಂದ ಮುಕ್ತವಾಯಿತೆಂದು ಸಾರಿದರು. ಹುಲ್ಲು ಮತ್ತೆ ಎದ್ದಿತು. ಹಿಂದೆ ನಾವಿಕರು ರಕ್ತಪಿತ್ತದಿಂದ ಪಾರಾಗಲು ತಿನ್ನುತ್ತಿದ್ದ ದಪ್ಪ ಎಲೆಯ ಗಿಡವೂ ಮತ್ತೆ ಹರಡಿತು. ನೆರೆಯವರು ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ಪಕ್ಕದಲ್ಲಿಟ್ಟು ತೋರಿಸಿದರು. ನೂರು ವರ್ಷಗಳಿಗೂ ಹಿಂದೆ ಕೆಟ್ಟದ್ದು ನಮ್ಮ ಕಣ್ಣೆದುರಿಗೆ ಸರಿಯಾದ ನಿದರ್ಶನ ನಮಗೆ ಹೆಚ್ಚು ಸಿಕ್ಕಿಲ್ಲ.

2016ರ ಸೆಪ್ಟೆಂಬರ್ ಮಧ್ಯದ ಒಂದು ಬೆಳಿಗ್ಗೆ ಅವರು ಉಷ್ಣಮಾಪಕವನ್ನು ನೋಡಲು ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬೇಲಿಯ ಬಳಿ ಪತ್ರಿಕೆಯನ್ನು ಹಿಡಿದು ನಿಂತಿದ್ದರು. ಮುಂದಿನ ವರ್ಷ ಮಕ್ವಾರಿ ನಿಲ್ದಾಣವನ್ನು ಮುಚ್ಚುವುದೆಂದು ಪ್ರಕಟಣೆಯಾಗಿತ್ತು. ಕಟ್ಟಡಗಳು ಹಳತಾಗಿವೆ, ಖರ್ಚು ಹೆಚ್ಚು ಎಂಬುದು ಕಾರಣ. ನಾವು ಸಮಾಧಾನ ಹೇಳಲು ಹೋಗಿ, ನೀವು ಅಲ್ಲಿಂದ ಬೀಳ್ಕೊಂಡು ನಲವತ್ತೆರಡು ವರ್ಷವಾಯಿತಲ್ಲ ಎಂದೆವು. ಅವರು ನಮ್ಮ ಮುಖವನ್ನು ನೋಡಿ ಹೇಳಿದ ಮಾತನ್ನು ನಮಗೆ ತಿಳಿದಷ್ಟು ಕನ್ನಡದಲ್ಲಿ ಇಡುತ್ತೇವೆ: ನಾವು ಬೀಳ್ಕೊಳ್ಳಲಿಲ್ಲ ಮಾಷ್ಟ್ರೇ, ಬೀಗದ ಕೈಯನ್ನು ಇನ್ನೊಬ್ಬರಿಗೆ ಕೊಟ್ಟು ಬಂದೆವು, ಪಡೆಯಲು ಎದುರಿಗೆ ಒಬ್ಬನಿದ್ದ. ಪಡೆಯುವವನೇ ಇಲ್ಲದ ದಿನ ಮಾತ್ರ ಬೀಳ್ಕೊಡುಗೆ. ಮೊಮ್ಮಗ ನಮ್ಮೂರಿನವರು ಕರೆಯುವ ರೀತಿಯನ್ನು ಅವರಿಗೆ ಕಲಿಸಿದ್ದನು. ಅವರು ನಮ್ಮನ್ನು ಹೆಸರಿನಿಂದ ಕರೆಯದೆ ಮಾಷ್ಟ್ರೇ ಎಂದೇ ಕರೆಯುತ್ತಿದ್ದರು.

ನಾವು ಆ ದಿನ ಮಧ್ಯಾಹ್ನ ನಿದ್ದೆ ಮಾಡಲಿಲ್ಲ. ನಾವು ನಿವೃತ್ತರಾದ ದಿನ ನಮ್ಮ ಕೈಯಲ್ಲಿಯೂ ಒಂದು ಬೀಗದ ಕೈಗೊಂಚಲಿತ್ತು. ಕಚೇರಿಯದು, ಪ್ರಯೋಗಶಾಲೆಯದು, ಪುಸ್ತಕದ ಕಪಾಟಿನದು, ಗಂಟೆಯ ಕೋಣೆಯದು. ಹಾರ ಹಾಕಿದರು, ಶಾಲು ಹೊದೆಸಿದರು, ಬಿನ್ನವತ್ತಳೆ ಓದಿದರು. ಅವುಗಳಲ್ಲಿ ಒಂದೂ ಈಗ ನೆನಪಿಲ್ಲ. ಗೊಂಚಲನ್ನು ಕಿರಿಯ ಸಹೋದ್ಯೋಗಿಯ ಅಂಗೈಯಲ್ಲಿಟ್ಟಾಗ ಕಿಸೆ ಹಗುರಾದದ್ದು ಮಾತ್ರ ನೆನಪಿದೆ. ಆಗ ನಮ್ಮ ಕನ್ನಡ ವಿಭಾಗದಲ್ಲಿ ತರಗತಿಗೆ ಮೂವತ್ತು ಮಕ್ಕಳು. ನಾವು ಹೋಬಾರ್ಟಿಗೆ ಹೊರಡುವ ವರ್ಷ ಒಂದನೆಯ ತರಗತಿಗೆ ಸೇರಿದವರು ನಾಲ್ವರು. ಲಾಭದಾಯಕವಲ್ಲದ ಶಾಲೆಗಳ ಪಟ್ಟಿಯಲ್ಲಿ ಹೆಸರು ಬಂದಿದೆ ಎಂಬ ಮಾತೂ ಕಿವಿಗೆ ಬಿದ್ದಿತ್ತು. ಪಟ್ಟಿ ಬರೆದವರನ್ನು ದೂರುವ ಯೋಗ್ಯತೆ ನಮಗಿಲ್ಲ. ನಮ್ಮ ಮಗಳನ್ನು ಏಳನೆಯ ತರಗತಿಯವರೆಗೆ ನಮ್ಮದೇ ಶಾಲೆಯಲ್ಲಿ ಕನ್ನಡದಲ್ಲಿ ಓದಿಸಿ, ಎಂಟನೆಯದಕ್ಕೆ ಪೇಟೆಯ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದವರು ನಾವೇ. ಸಭೆಗಳಲ್ಲಿ ಮಾತೃಭಾಷೆಯ ವಿಷಯವನ್ನು ಮಾತನಾಡಿ, ಮರುದಿನ ಬೆಳಿಗ್ಗೆ ಅವಳನ್ನು ಬಸ್ಸಿಗೆ ಹತ್ತಿಸಿದ್ದೇವೆ. ಅವಳ ಒಳಿತಿಗೆಂದೇ ಮಾಡಿದೆವು. ಅವಳಿಗೆ ಒಳಿತೇ ಆಯಿತು. ಆದರೆ ಊರಿನವರು ಮಾಷ್ಟ್ರ ಬಾಯನ್ನು ನೋಡುವುದಿಲ್ಲ, ಮಾಷ್ಟ್ರ ಮಗಳು ಹತ್ತಿದ ಬಸ್ಸನ್ನು ನೋಡುತ್ತಾರೆ. ಈ ಮಾತನ್ನು ಇಷ್ಟು ವರ್ಷ ಯಾರ ಮುಂದೆಯೂ ಹೇಳಿರಲಿಲ್ಲ. ಸಂಘದ ಹಿರಿಯ ಕಿರಿಯರ ಮುಂದೆ ಈಗ ಹೇಳುತ್ತಿದ್ದೇವೆ.

ಅಲ್ಲಿ ಮಾತ್ರ ಕೆಲವೇ ದಿನಗಳಲ್ಲಿ ಗಾಳಿಯ ದಿಕ್ಕು ಬದಲಾಯಿತು. ವಿಜ್ಞಾನಿಗಳು, ಹಿಂದೆ ಅಲ್ಲಿದ್ದವರು, ಟಾಸ್ಮೇನಿಯದ ಸಾಮಾನ್ಯ ಜನರು ಬಲವಾಗಿ ಆಕ್ಷೇಪಿಸಿದರು. ಸರಕಾರ ತೀರ್ಮಾನವನ್ನು ಹಿಂದೆಗೆದುಕೊಂಡಿತು. ನಿಲ್ದಾಣಕ್ಕೆ ಐದು ಕೋಟಿ ಡಾಲರಿನಷ್ಟು ಹಣವನ್ನು ಪ್ರಕಟಿಸಿತು. ನೆರೆಯವರೂ ಕಾಗದ ಬರೆದಿದ್ದರು. ಹಠದಿಂದ ಬರೆದಿರಾ ಎಂದು ಕೇಳಿದೆವು. ಇಲ್ಲ, 1948ರಿಂದ ಎಷ್ಟು ಮಂದಿ ದಿನ ತಪ್ಪದೆ ಗಾಳಿಯನ್ನು ಅಳೆದರೋ ಅವರ ಪರವಾಗಿ, ಅಳತೆಯ ಸಾಲು ತುಂಡಾಗಬಾರದು ಎಂದಷ್ಟೇ ಬರೆದೆ ಎಂದರು. ಆ ಸಂಜೆ ನಮ್ಮ ಶ್ರೀಮತಿಯವರು ನೀರುದೋಸೆ ಮಾಡಿ ಅವರನ್ನು ಕರೆದರು. ಅವರು ಒಂಬತ್ತು ದೋಸೆ ತಿಂದರು.

ನವೆಂಬರಿನಲ್ಲಿ ನಾವು ಹೊರಡಬೇಕಾಯಿತು. ಮೊಮ್ಮಗನಿಗೆ ಆಗ ಎಂಟು ವರ್ಷ. ಆ ಆರು ತಿಂಗಳಲ್ಲಿ ಅಜ್ಜಿಯ ಮಗ್ಗುಲಲ್ಲಿ ಕುಳಿತು ಸ್ವರಗಳನ್ನೂ ವ್ಯಂಜನಗಳನ್ನೂ ತಕ್ಕಮಟ್ಟಿಗೆ ಕಲಿತಿದ್ದನು. ಒತ್ತಕ್ಷರಗಳಲ್ಲಿ ಮಾತ್ರ ತೊಡಕು. ವಿಮಾನ ನಿಲ್ದಾಣದಲ್ಲಿ ಅವನು ನಮ್ಮ ಕೈಗೆ ಒಂದು ಮಡಿಸಿದ ಚೀಟಿಯನ್ನು ಕೊಟ್ಟು, ಅಜ್ಜ, ಮೇಲೆ ಹೋದ ಮೇಲೆ ತೆರೆಯಬೇಕು ಎಂದನು. ವಿಮಾನವು ಡರ್ವೆಂಟ್ ಅಳಿವೆಯನ್ನು ದಾಟಿದ ಮೇಲೆ ತೆರೆದೆವು. ದೊಡ್ಡ ದೊಡ್ಡ ಕನ್ನಡ ಅಕ್ಷರಗಳಲ್ಲಿ ‘ವಿಸ್ಸಾ’ ಎಂದಿತ್ತು. ಸಕಾರದ ಒತ್ತು ಸರಿಯಾಗಿ ಬಿದ್ದಿತ್ತು. ಶ್ರೀಮತಿಯವರು ಚೀಟಿಯನ್ನು ಮಡಿಸಿ ಕನ್ನಡಕದ ಪೆಟ್ಟಿಗೆಯಲ್ಲಿಟ್ಟರು; ಅದು ಈಗಲೂ ಅಲ್ಲಿಯೇ ಇದೆ.

ಊರಿಗೆ ಮರಳಿದ ಮೇಲೆ ನಾವು ಸಭೆಗಳಿಗೆ ಹೋಗುವುದನ್ನು ಸ್ವಲ್ಪ ಕಡಿಮೆ ಮಾಡಿದೆವು. ಹಳೆಯ ಶಾಲೆಗೆ ಹೋಗಿ, ಈಗಿನ ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಅಂಗಳದ ಬಯಲು ಜಾಗದಲ್ಲಿ ಒಂದು ಮಳೆಮಾಪಕವನ್ನು ನಿಲ್ಲಿಸಿದೆವು. ಬೆಳಿಗ್ಗೆ ಎಂಟೂವರೆಗೆ ಹಿಂದಿನ ಇಪ್ಪತ್ತನಾಲ್ಕು ಗಂಟೆಗಳ ಮಳೆಯನ್ನು ಅಳೆದು ಬರೆಯಬೇಕು. ನಮ್ಮ ದೇಶದ ಹವಾಮಾನ ಇಲಾಖೆ ಅಳೆಯುವುದೂ ಅದೇ ಹೊತ್ತಿಗೆ. ಶಾಲೆಯ ಹತ್ತಿರ ಮನೆಯಿರುವ ಇಬ್ಬರು ಮಕ್ಕಳು ಜತೆಗೂಡಿದರು. ಉದ್ದನೆಯ ಪುಸ್ತಕದಲ್ಲಿ ತಾರೀಕು, ಮಿಲಿಮೀಟರು, ಗಾಳಿ, ಮೋಡ, ಮತ್ತು ಕನ್ನಡದಲ್ಲಿ ಒಂದು ವಾಕ್ಯ. ‘ರಾತ್ರಿ ಗುಡುಗು, ಕೆರೆ ತುಂಬಿತು.’ ‘ಬಿಸಿಲು ಮಳೆ ಒಟ್ಟಿಗೆ.’ ‘ಇಂದು ಮಳೆಯಿಲ್ಲ.’ ರಜೆಯೆಂದು ಮಳೆ ನಿಲ್ಲುವುದಿಲ್ಲವಾದುದರಿಂದ ಓಣಂಗೂ ಕ್ರಿಸ್ಮಸಿಗೂ ಯಾರಾದರೂ ಹೋಗಲೇಬೇಕು. ಮಳೆಯಿಲ್ಲದ ದಿನ ಸೊನ್ನೆ ಬರೆಯುವುದೇಕೆ ಎಂದು ಒಬ್ಬ ಹುಡುಗ ಕೇಳಿದನು. ಸೊನ್ನೆಯೂ ಒಂದು ಲೆಕ್ಕ, ಖಾಲಿ ಬಿಟ್ಟದ್ದು ಮಾತ್ರ ಲೆಕ್ಕವಲ್ಲ ಎಂದು ನೆರೆಯವರ ಪಾಠವನ್ನೇ ಅವನಿಗೆ ಒಪ್ಪಿಸಿದೆವು.

ಇದರಿಂದ ಕನ್ನಡ ವಿಭಾಗ ಉಳಿಯಿತೆಂದು ಹೇಳಿದರೆ ಅದು ಸುಳ್ಳಾದೀತು. ಒಂದನೆಯ ತರಗತಿಗೆ ಒಂದು ವರ್ಷ ಐವರು ಸೇರಿದರು, ಇನ್ನೊಂದು ವರ್ಷ ಇಬ್ಬರು. ವಿಭಾಗ ಇಂದಿಗೂ ಇದೆ. ಮುಂದಿನ ಜೂನಿಗೆ ಏನಾಗುವುದೋ ತಿಳಿಯದು. ಪುಸ್ತಕಗಳು ಮಾತ್ರ ಎಂಟಾಗಿವೆ. ಕೊರೋನಾದ ವರ್ಷ ಶಾಲೆಗೆ ಬೀಗ ಬಿದ್ದಾಗ ಮಾಪಕವನ್ನು ನಮ್ಮ ಅಂಗಳಕ್ಕೆ ತಂದುಕೊಂಡೆವು; ಸಾಲು ತುಂಡಾಗಲಿಲ್ಲ.

ಅದೇ ಅವಧಿಯಲ್ಲಿ ಮಗಳು ದೂರವಾಣಿ ಮಾಡಿ, ಅಪ್ಪಾ, ಪಕ್ಕದ ಮನೆಯವರು ಹೋದರು ಎಂದಳು. ಕೊನೆಯ ವಾರದವರೆಗೂ ಬೆಳಿಗ್ಗೆ ಉಷ್ಣಮಾಪಕವನ್ನು ನೋಡಿ ಬರೆಯುತ್ತಿದ್ದರಂತೆ. ಏಳಲಾಗದ ಮೇಲೆ ನಮ್ಮ ಮೊಮ್ಮಗನನ್ನು ಕರೆದು, ಓದಿ ಹೇಳು, ನಾನು ಬರೆದುಕೊಳ್ಳುತ್ತೇನೆ ಎಂದರಂತೆ. ಆಮೇಲೆ ಪುಸ್ತಕವನ್ನೂ ಅವನಿಗೇ ಕೊಟ್ಟರು.

ಈಗ ನಮಗೆ ಎಪ್ಪತ್ತಾರು. ಮಳೆಗಾಲದಲ್ಲಿ ಶಾಲೆಯ ಗುಡ್ಡದ ಪಾವಟಿಗೆಗಳು ಪಾಚಿಗಟ್ಟಿ ಜಾರುತ್ತವೆ. ಮಂಡಿಯ ನೋವು ಬೇರೆ. ಕಳೆದ ಜೂನಿನಲ್ಲಿ ಒಂದು ಬೆಳಿಗ್ಗೆ ನಾವು ಅರ್ಧ ದಾರಿಯಲ್ಲಿ ಕೊಡೆಯೂರಿ ನಿಂತಿದ್ದಾಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಮೇಲಿನಿಂದ 118 ಮಿಲಿಮೀಟರು ಎಂದು ಕೂಗಿ ಹೇಳಿದಳು. ಆಮೇಲೆ ಇಳಿದು ಬಂದು, ಮಾಷ್ಟ್ರೇ, ನೀವು ನಾಳೆಯಿಂದ ಹತ್ತಬೇಡಿ, ನಾನು ಬರೆಯುತ್ತೇನೆ, ತಪ್ಪಿದರೆ ಮನೆಗೆ ಬಂದು ತಿದ್ದಿಸಿಕೊಳ್ಳುತ್ತೇನೆ ಎಂದಳು. ಪುಸ್ತಕವಿಡುವ ಪೆಟ್ಟಿಗೆಗೆ ಒಂದು ಸಣ್ಣ ಬೀಗವಿದೆ. ಅದರ ಕೈಯನ್ನು ಕಿಸೆಯಿಂದ ತೆಗೆದು ಅವಳಿಗೆ ಕೊಟ್ಟೆವು. ಅವಳು ಅದನ್ನು ಲಂಗದ ನಾಡಿಗೆ ಗಂಟು ಹಾಕಿಕೊಂಡು, ಮಳೆಯಲ್ಲಿಯೇ ಮೇಲಕ್ಕೆ ಓಡಿದಳು.